ಅಜ್ಜಿಯ ದಾರಿಗೆ ಎರಡು ಪ್ರತಿ

ಪುನರ್ವಸತಿ ಕಾಲೊನಿ, ನಾಲ್ಕನೇ ಕ್ರಾಸ್
ಕಾರವಾರ ತಾಲೂಕು
೧೮ ಜೂನ್ ೨೦೦೭

ಮಂಗಲಾ ಅಕ್ಕೋರಿಗೆ ನಮಸ್ಕಾರ.

ಎರಡು ವರ್ಷದ ಹಿಂದೆ ಅಂಕೋಲೆಯ ನಿಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಕೊನೆಯ ಬೆಂಚಿನ ಕಿಟಕಿ ಪಕ್ಕ ಕೂತು, ಮೂರು ತಿಂಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳದ ನೀತಾ ಹರಿಕಂತ್ರ ನಾನು. ನೆನಪಿರಲಿಕ್ಕಿಲ್ಲ. ನಿಮ್ಮ ಮೊಬೈಲ್ ನಂಬರ್ ನನ್ನ ಹತ್ತಿರ ಇದೆ. ನಾಲ್ಕು ಸಲ ಒತ್ತಿ, ನಾಲ್ಕು ಸಲವೂ ರಿಂಗಾಗುವ ಮೊದಲೇ ಕಟ್ ಮಾಡಿದೆ. ಹಾಗಾಗಿ ಪತ್ರ.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದೆ ಅಕ್ಕೋರೇ! ಕಾರವಾರದ ಒಂದು ಆಫೀಸಿನವರು ಹಳೆಯದನ್ನು ಮಾರಿದಾಗ ಅಪ್ಪ ತಂದ. ಫೆಬ್ರವರಿಯಲ್ಲಿ ಅದು ಮೀನಿನ ಟೆಂಪೋದಲ್ಲಿ, ಐಸ್ ಪೆಟ್ಟಿಗೆಗಳ ನಡುವೆ, ನನ್ನ ಆಯಿಯ ಹಳೆಯ ಸೀರೆ ಸುತ್ತಿಕೊಂಡು ಬಂತು. ಇಡೀ ಕ್ರಾಸಿನವರು ನೋಡಲು ಬಂದರು.

ಅದರಲ್ಲಿ ನಾನು ಅಜ್ಜಿಯ ದಾರಿಯನ್ನು ಬರೆಯುತ್ತಿದ್ದೇನೆ. ಅಜ್ಜಿ ಹೊನ್ನಮ್ಮ ಮೂವತ್ತು ವರ್ಷ ಚೆಂಡಿಯಾದ ಕಡಲತಡಿಯಿಂದ ಮೀನಿನ ಬುಟ್ಟಿ ಹೊತ್ತು ಒಳಗಿನ ಊರುಗಳಿಗೆ ನಡೆದವಳು. ಆ ದಾರಿಯ ಒಂದೊಂದು ಕಲ್ಲಿಗೆ, ತಿರುವಿಗೆ ಮೀನು ಮಾರುವ ಹೆಂಗಸರೇ ಇಟ್ಟ ಹೆಸರಿತ್ತಂತೆ. ಬುಟ್ಟಿಕಲ್ಲು. ಉಪ್ಪಿನ ಬಾವಿ. ಎಲ್ಲರೂ ಒಟ್ಟಿಗೆ ಕೂತು ಗಂಡಂದಿರನ್ನು ಆಡಿಕೊಳ್ಳುತ್ತಿದ್ದ ನಗೆಮಾವು. ಈಗ ಆ ದಾರಿ ನೌಕಾನೆಲೆಯ ಗೋಡೆಯ ಆಚೆ ಇದೆ. ನಾವು ಈಚೆ, ಒಂದನೇ ಕ್ರಾಸ್, ಎರಡನೇ ಕ್ರಾಸ್ ಎಂದು.

ಮೊದಲು ನಾನು ನೋಟ್‌ಬುಕ್ ಹಿಡಿದು ಅಜ್ಜಿಯ ಮುಂದೆ ಕೂತಿದ್ದೆ. ಅವಳು ಒಂದು ಹೆಸರನ್ನೂ ಹೇಳಲಿಲ್ಲ. "ಪುಸ್ತಕ ಹಿಡ್ಕಂಡು ಬಂದವ್ರೇ ನಮ್ಮ ಊರು ಅಳತೆ ಮಾಡ್ಕಂಡು ಹೋದ್ದು. ನೀನೂ ಅದನ್ನೇ ಹಿಡ್ಕಂಡು ಬಂದ್ಯಾ?" ಎಂದಳು. ಕಂಪ್ಯೂಟರಿನ ಮೇಲೆ ಮಾತ್ರ ಅವಳಿಗೆ ಸಿಟ್ಟಿಲ್ಲ. "ಇದ್ಕೆ ಕಾಲಿಲ್ಲ. ಕೇಳ್ಕಂಡು ಎಲ್ಲಿಗೂ ಹೋಗೂದಿಲ್ಲ" ಎಂದು ಒಂದೊಂದೇ ಹೆಸರು ಹೇಳಿದಳು. ಒಟ್ಟು ಇನ್ನೂರ ಹದಿನಾಲ್ಕು. ಎಲ್ಲವೂ 'ಅಜ್ಜಿಯ ದಾರಿ' ಎಂಬ ಒಂದು ಫೋಲ್ಡರಿನಲ್ಲಿದೆ. ಕಾಗದದ ಮೇಲೆ ಒಂದಕ್ಷರವೂ ಇಲ್ಲ.

ಕಾಲೊನಿಯ ಸಮಿತಿಯವರು ಕ್ರಾಸುಗಳಿಗೆ ಹೆಸರಿಡುತ್ತಾರಂತೆ. ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಕೊಟ್ಟು ಬಂದ ಮೇಲೆ ಸಭೆ. ಒಳ್ಳೆಯ ಪಟ್ಟಿ ತಂದರೆ ಅದೇ, ಇಲ್ಲದಿದ್ದರೆ ಗುಲಾಬಿ, ಮಲ್ಲಿಗೆ ಎಂದು ಹೂವಿನ ಹೆಸರು ಎಂದಿದ್ದಾರೆ ಸಮಿತಿಯ ರಾಮನಾಥ ಮಾಸ್ತರು. ಅಜ್ಜಿ ಉರಿದುಬಿದ್ದಳು: "ನಾನು ನಾಳೆ ಸತ್ರೆ ಎಲ್ಲಿ ಸತ್ಲು ಅಂತ್ರಿ? ನಾಕನೇ ಕ್ರಾಸಲ್ಲಾ? ಅದೇನು ಸಾಯೂ ಜಾಗವಾ?"

ತೊಂದರೆ ಎರಡು. ಅಜ್ಜಿ ಮರೆಯುತ್ತಿದ್ದಾಳೆ, ಹೋಳಿಯ ಹೊತ್ತಿಗೆ ಹೇಳಿದ ಹೆಸರನ್ನೇ ಈಗ ಕೇಳಿದರೆ "ಅದೆಲ್ಲಿ?" ಎನ್ನುತ್ತಾಳೆ. ಇನ್ನೊಂದು, ಕಂಪ್ಯೂಟರ್ ಎಷ್ಟು ನಿಧಾನವಾಗಿದೆ ಎಂದರೆ, ಅದನ್ನು ಆನ್ ಮಾಡಿ ಚಾ ಕಾಯಿಸಿ ಕುಡಿದು ಲೋಟ ತೊಳೆದಿಟ್ಟರೂ ಪರದೆ ನೀಲಿಯಾಗಿಯೇ ಇರುತ್ತದೆ. ಏನು ಮಾಡಲಿ?

ನಿಮ್ಮ ವಿದ್ಯಾರ್ಥಿನಿ,
ನೀತಾ

ಅಂಕೋಲಾ
೨೪ ಜೂನ್ ೨೦೦೭

ಕಿಟಕಿ ಪಕ್ಕದ ನೀತಾ,

ನೆನಪಿಲ್ಲದೆ ಏನು? ಪರೀಕ್ಷೆಯ ಹಾಳೆಯ ಹಿಂಬದಿಯಲ್ಲಿ ನನ್ನ ಸೀರೆಯ ಅಂಚಿನ ಬಗ್ಗೆ ಆರು ಸಾಲು ಬರೆದವಳು ನೀನು. ಅದಕ್ಕೆ ಅಂಕ ಕೊಡಲಿಲ್ಲ. ಹಾಳೆ ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ.

ನೀನು ಪತ್ರ ಬರೆದದ್ದೇ ಒಳ್ಳೆಯದಾಯಿತು. ಫೋನಿನಲ್ಲಿ ಹೇಳಿದ್ದು ಕಿವಿಯಲ್ಲಿ ನಿಲ್ಲುವುದಿಲ್ಲ. ಕಾಗದವಾದರೆ ಕೀಬೋರ್ಡಿನ ಪಕ್ಕ ಇಟ್ಟುಕೊಳ್ಳಬಹುದು.

ದೋಣಿಯ ಮನೆಯವಳಿಗೆ ನಾನು ಹೊಸದೇನೂ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ನಿಮ್ಮವರು ದೋಣಿ ಮೇಲೆಳೆದು ಏನೇನು ಮಾಡುತ್ತಾರೋ ಅದನ್ನೇ ಕಂಪ್ಯೂಟರಿಗೂ ಮಾಡಬೇಕು. ಮೊದಲು ಭಾರ ಇಳಿಸು. ಆಫೀಸಿನವರು ಬಿಟ್ಟುಹೋದ ಬೇಡದ ಪ್ರೋಗ್ರಾಮುಗಳಿರುತ್ತವೆ, ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಒಂದೊಂದಾಗಿ ತೆಗೆ. ಆಮೇಲೆ ಡಿಫ್ರಾಗ್ ಮಾಡು. ಚೆಲ್ಲಾಪಿಲ್ಲಿಯಾದ ಫೈಲುಗಳನ್ನು ಅದು ಒಪ್ಪವಾಗಿ ಜೋಡಿಸುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಒಳಗಿನ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಬೇಕು. ಅದಕ್ಕೆ ಮೊದಲು ವೈರ್ ಕಿತ್ತಿರಬೇಕು. ಹೆದರಬೇಡ, ಸುಲಭದ ಕೆಲಸ. ನಡೆಯುತ್ತಿರುವಾಗ ಅದರ ಮೇಲೆ ಸೀರೆ ಹೊದಿಸಬೇಡ, ಅದಕ್ಕೆ ಉಸಿರು ಬೇಕು.

ಈಗ ಮುಖ್ಯವಾದದ್ದು. ನಿಮ್ಮ ಮನೆಯಲ್ಲಿ ಪೆನ್ ಡ್ರೈವ್ ಹಾಕುವವರು ಯಾರಾದರೂ ಇದ್ದಾರಾ? ಇದ್ದರೆ ನಿಲ್ಲಿಸು. ಯಾವ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡು ಬರುತ್ತಾರೋ ಅಲ್ಲಿಂದಲೇ ವೈರಸ್ಸೂ ಬರುತ್ತದೆ. ಆಂಟಿವೈರಸ್ ಹಳೆಯದಾದರೆ ಇದ್ದೂ ಇಲ್ಲದ ಹಾಗೆ, ಹೊಸದರ ಸಿ.ಡಿ. ಕಳಿಸುತ್ತೇನೆ.

ಕೊನೆಯದಾಗಿ, ಇನ್ನೂರ ಹದಿನಾಲ್ಕು ಹೆಸರು ಒಂದೇ ಕಡೆ ಇದೆ ಎಂದು ಓದಿ ನನಗೆ ನಿದ್ದೆ ಬರಲಿಲ್ಲ ಮಾರಾಯ್ತಿ! ಯಾವುದಕ್ಕೂ ಎರಡು ಪ್ರತಿ ಇರಬೇಕು, ಎರಡನೆಯದು ಮನೆಯ ಹೊರಗಿರಬೇಕು. ನನಗೊಂದು ಕಳಿಸು.

ಮಂಗಲಾ ನಾಯಕ

ಕಾಲೊನಿ
೩ ಜುಲೈ ೨೦೦೭

ಅಕ್ಕೋರೇ,

ನಿಮ್ಮ ಪತ್ರವನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ನಾನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದು ಇದೇ ಮೊದಲು. ಆಯಿ ಅನ್ನ ಬಡಿಸುವುದು ಬಿಟ್ಟು ನನ್ನ ಮುಖ ನೋಡಿದಳು.

ಹತ್ತೊಂಬತ್ತು ಪ್ರೋಗ್ರಾಮು ತೆಗೆದೆ. ಡಿಫ್ರಾಗ್ ಹಾಕಿದ್ದೇ ತಡ, ಪರದೆಯ ಮೇಲೆ ಕೆಂಪು, ನೀಲಿ, ಹಸಿರು ಪಟ್ಟಿಗಳು ಸರಿಯುತ್ತ ಬಂದವು. ಮಳೆಯಿಂದ ಕೇಬಲ್ ಹೋಗಿತ್ತು, ಎಲ್ಲರೂ ಸಂಜೆಯವರೆಗೆ ಅದನ್ನೇ ಟಿ.ವಿ.ಯ ಹಾಗೆ ನೋಡಿದರು. "ಕೆಂಪು ಕಮ್ಮಿ ಆಯ್ತು, ಕೆಂಪು ಕಮ್ಮಿ ಆಯ್ತು!" ಎಂದು ಅಜ್ಜಿಯೇ ಕೂಗುತ್ತಿದ್ದಳು. ಈಗ ಕಂಪ್ಯೂಟರ್ ಚಾ ಕುದಿಯುವ ಮೊದಲೇ ಎದ್ದುಬಿಡುತ್ತದೆ!

ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಇರುವುದರಿಂದ ಅಪ್ಪ ಬೈತಖೋಲ ಬಂದರಿಗೆ ಹೋಗದೆ ಮನೆಯಲ್ಲೇ ಇದ್ದಾನೆ. ನೀವು ಬರೆದ ದೋಣಿಯ ಮಾತು ಅವನಿಗೆ ಬಹಳ ಹಿಡಿಸಿತು. "ಈ ಬಾಯಿಗೆ ಗೊತ್ತದೆ ನೋಡು" ಎಂದು ನಿಮ್ಮನ್ನು ಹೊಗಳಿದ. ಒಳಗಿನ ಕೆಲಸದಲ್ಲಿ ಅವನೂ ಕೈಹಾಕಿದ್ದಾನೆ.

ಒಂದು ಸಣ್ಣ ಪ್ರಶ್ನೆ. ಕಂಪ್ಯೂಟರಿನಿಂದ ವಾಸನೆ ಬರುವುದುಂಟೇ? ಬಿಸಿಯಾದಾಗ ಮಾತ್ರ. ನಮ್ಮ ಬೆಕ್ಕು ಮೂರು ದಿನದಿಂದ ಅದರ ಪಕ್ಕ ಬಿಟ್ಟು ಕದಲುತ್ತಿಲ್ಲ.

ಪೆನ್ ಡ್ರೈವಿನ ಬಗ್ಗೆ ಕೇಳಿದ್ದೀರಿ. ಹಾಗೆ ಹೆಚ್ಚಾಗಿ ಯಾರೂ ಹಾಕುವುದಿಲ್ಲ. 'ಅಜ್ಜಿಯ ದಾರಿ'ಯ ಪ್ರತಿಯನ್ನು ಒಂದು ಪೆನ್ ಡ್ರೈವಿನಲ್ಲಿ ಹಾಕಿ ಈ ಪತ್ರದ ಜೊತೆ, ಅಂಕೋಲೆಗೆ ಬರುವ ನಮ್ಮ ಸುಕ್ರ ಮಾವನ ಟೆಂಪೋದಲ್ಲಿ ಕಳಿಸಿದ್ದೇನೆ. ಬೆಂಕಿಪೆಟ್ಟಿಗೆಯೊಳಗೆ ಹತ್ತಿ ಸುತ್ತಿ ಇಟ್ಟಿದ್ದೇನೆ, ಜೋಪಾನ.

ನೀತಾ

ಅಂಕೋಲಾ
೩ ಜುಲೈ ೨೦೦೭, ಸಂಜೆ

ನೀತಾ,

ಸುಕ್ರ ಮಾವ ಹೊರಗೆ ಹಾರ್ನ್ ಹಾಕುತ್ತಿದ್ದಾರೆ, ಎರಡೇ ಸಾಲು. ವಾಸನೆ ಬಂದರೆ ಏನೋ ಸುಡುತ್ತಿದೆ ಎಂದರ್ಥ! ಈ ಕ್ಷಣ ವೈರ್ ಕಿತ್ತು ಹಾಕು. ಬೆಕ್ಕನ್ನೂ ದೂರ ಇಡು.

ಆಂಟಿವೈರಸ್ ಸಿ.ಡಿ. ಇದರ ಜೊತೆಗಿದೆ. ಬೆಂಕಿಪೆಟ್ಟಿಗೆ ತಲುಪಿತು. ನಾಳೆ ಬೆಳಿಗ್ಗೆ ಕ್ಲಾಸಿನಲ್ಲಿ ತೆರೆದು ಅಜ್ಜಿಯ ದಾರಿಯಲ್ಲಿ ನಾನೂ ಒಂದು ಸುತ್ತು ನಡೆದು ಬರುತ್ತೇನೆ.

ಮಂಗಲಾ

ಕಾಲೊನಿ
೧೬ ಜುಲೈ ೨೦೦೭

ಅಕ್ಕೋರೇ,

ಹದಿಮೂರು ದಿನವಾಯಿತು. ನಿಮ್ಮಿಂದ ಪತ್ರವಿಲ್ಲ. ಅಜ್ಜಿಯ ದಾರಿ ನಿಮಗೆ ಇಷ್ಟವಾಗಲಿಲ್ಲವೇನೋ. ಅಥವಾ ನನ್ನ ಪತ್ರವೇ ಮೀನು ನಾರುತ್ತಿತ್ತೋ. ಅದು ಹೌದಾದರೆ ಅದಕ್ಕೆ ಕಾರಣವಿದೆ. ಮುಚ್ಚಿಟ್ಟದ್ದನ್ನು ಈಗ ಬರೆಯುತ್ತೇನೆ.

ಏನೂ ಸುಡುತ್ತಿರಲಿಲ್ಲ. ಮಳೆಗಾಲದಲ್ಲಿ ದೋಣಿಗೆ ಮಾಡುವುದನ್ನೇ ಮಾಡಿ ಎಂದಿರಲ್ಲ? ಅಪ್ಪ ಕಂಪ್ಯೂಟರಿಗೆ ಮೀನೆಣ್ಣೆ ಹಚ್ಚಿದ್ದ.

ಕ್ಯಾಬಿನೆಟ್ಟಿನೊಳಗೆ ಉಪ್ಪುಗಾಳಿಗೆ ಅಲ್ಲಲ್ಲಿ ತುಕ್ಕು ಕಂಡಿತಂತೆ. ನಾನು ಪೋಸ್ಟಿಗೆ ಹೋದ ಹೊತ್ತಿನಲ್ಲಿ, ದೋಣಿಗೆಂದು ಇಟ್ಟ ಎಣ್ಣೆಯನ್ನು ಬಟ್ಟೆಯ ಉಂಡೆಯಲ್ಲಿ ಅದ್ದಿ, ಒಳಗೆ ಕಂಡ ಕಂಡ ಲೋಹಕ್ಕೆಲ್ಲ ತಿಕ್ಕಿದ್ದಾನೆ. "ದೋಣಿಗೆ ನಲವತ್ತು ವರ್ಷ ಬಂದದೆ. ಇದ್ಕೆ ಬರೂದಿಲ್ವಾ?" ಎಂದು ನನ್ನನ್ನೇ ಕೇಳುತ್ತಾನೆ. ನಿಮಗೆ ತಿಳಿದರೆ ಅಪ್ಪನ ಮೇಲೆ ನಗುತ್ತೀರಿ ಎಂದು ಸುಮ್ಮನಿದ್ದೆ.

ಒಂಬತ್ತನೇ ತಾರೀಕು ಆನ್ ಮಾಡಿದರೆ ಪರದೆ ಕಪ್ಪು. ಒಳಗಿನಿಂದ ಉದ್ದುದ್ದ ಕೂಗು ಮಾತ್ರ. ಕೂಗಿದರೆ ಮೆಮೊರಿಯ ಪಟ್ಟಿ ಸರಿಯಾಗಿ ಕೂತಿಲ್ಲ ಎಂದರ್ಥ ಎಂದು ನೀವು ಕ್ಲಾಸಿನಲ್ಲಿ ಹೇಳಿದ್ದು ನೆನಪಾಯಿತು. ಸ್ಪಿರಿಟ್ ತಂದು ಹತ್ತಿಯಲ್ಲಿ ಎರಡು ದಿನ ಎಣ್ಣೆ ತೆಗೆದೆ. ಮೆಮೊರಿಯ ಪಟ್ಟಿಯನ್ನು ಹೊರಗೆಳೆದು ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಅಪ್ಪ ಟಾರ್ಚ್ ಹಿಡಿದು, ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ಕೂತಿದ್ದ. ಮತ್ತೆ ಕೂರಿಸಿ ಸ್ವಿಚ್ ಒತ್ತಿದೆ.

ಒಂದೇ ಒಂದು ಸಣ್ಣ ಬೀಪ್. ಬೆಳಕು ಬಂತು! ನಾನೇ ಬಿಚ್ಚಿ, ನಾನೇ ಜೋಡಿಸಿದ ಕಂಪ್ಯೂಟರ್! ಓಡಿಹೋಗಿ ಆಯಿಯನ್ನು ಅಪ್ಪಿಕೊಂಡೆ, ಅವಳ ಕೈಯಲ್ಲಿದ್ದ ಬಂಗಡೆ ನೆಲಕ್ಕೆ ಬಿತ್ತು. ಬೆಕ್ಕಿಗೆ ಕೊನೆಗೂ ನ್ಯಾಯ ಸಿಕ್ಕಿತು.

ದಯವಿಟ್ಟು ಬರೆಯಿರಿ. ಸಿಟ್ಟಿದ್ದರೂ ಬರೆಯಿರಿ.

ನೀತಾ

ಕಾಲೊನಿ
೨೩ ಜುಲೈ ೨೦೦೭

ಅಕ್ಕೋರೇ,

ಹೋಯಿತು.

ನಿನ್ನೆ ನಿಮ್ಮ ಸಿ.ಡಿ. ಹಾಕಿದೆ. ಅದು ಹುಡುಕುತ್ತ ಹೋಗಿ ಅರವತ್ತಮೂರು ವೈರಸ್ ಸಿಕ್ಕವು ಎಂದಿತು. ಎಲ್ಲವನ್ನೂ ಅಳಿಸು ಎಂದು ಒತ್ತಿದೆ. ಎಷ್ಟು ಖುಷಿಯಾಗಿತ್ತು ಗೊತ್ತೇ? ಆಮೇಲೆ ನೋಡಿದರೆ 'ಅಜ್ಜಿಯ ದಾರಿ' ಇದ್ದ ಜಾಗ ಬರಿದು. ಫೋಲ್ಡರೇ ಇಲ್ಲ. ಹುಡುಕುವ ಕಿಟಕಿಯಲ್ಲಿ ಹೆಸರು ಕೊಟ್ಟೆ, ಏನೂ ಸಿಗಲಿಲ್ಲ ಎಂದಿತು.

ಅಣ್ಣ ಸಂದೇಶ ವಾರಕ್ಕೆರಡು ಸಲ ಪೆನ್ ಡ್ರೈವಿನಲ್ಲಿ ಹಾಡು ತರುತ್ತಿದ್ದ. ನಿಮಗೆ ಸುಳ್ಳು ಬರೆದೆ. ಅವನು ಕೆಲಸ ಮಾಡುವ ಟ್ರಾಲರ್ ಬೋಟು ಮಳೆಗಾಲಕ್ಕೆ ನಿಂತಿರುವಾಗ ಅವನಿಗಿರುವ ಸಂತೋಷ ಅದೊಂದೇ ಎಂದು ಬೇಡ ಎನ್ನಲಾಗಲಿಲ್ಲ.

ಸುಮ್ಮನೆ ಅಜ್ಜಿಯನ್ನು ಕೇಳಿ ನೋಡಿದೆ: ಉಪ್ಪಿನ ಬಾವಿ ಆದ ಮೇಲೆ ಏನು ಬರ್ತದೆ ಅಜ್ಜಿ? "ನಿಂಗೆ ಹೇಳಿದ್ದೆ ಅಲ್ವಾ? ಆ ಪೆಟ್ಟಿಗೆಗೆ ಗೊತ್ತದೆ, ಅದ್ನೇ ಕೇಳು" ಎಂದಳು.

ನೂಲ ಹುಣ್ಣಿಮೆಗೆ ಒಂದು ತಿಂಗಳಷ್ಟೇ ಇದೆ. ನಿಮ್ಮ ಹತ್ತಿರವಿರುವ ಪ್ರತಿಯನ್ನು ಸುಕ್ರ ಮಾವನ ಕೈಗೆ ಕೊಟ್ಟು ಕಳಿಸಿ. ಎಂಥ ಬುದ್ಧಿವಂತಿಕೆ ನಿಮ್ಮದು, ಎರಡು ಪ್ರತಿ ಎಂದಿರಿ!

ನೀತಾ

ಅಂಕೋಲಾ
೨೬ ಜುಲೈ ೨೦೦೭

ಪ್ರೀತಿಯ ನೀತಾ,

ಕೂತುಕೊಂಡು ಓದು.

ನಿನ್ನ ಪೆನ್ ಡ್ರೈವಿನಲ್ಲಿ ಅಜ್ಜಿಯ ಹೆಸರುಗಳಿರಲಿಲ್ಲ. 'ಅಜ್ಜಿಯ ದಾರಿ' ಎಂಬ ಹಳದಿ ಫೋಲ್ಡರ್ ಕಂಡಿತು. ಒತ್ತಿದೆ. ಅದು ಫೋಲ್ಡರ್ ಆಗಿರಲಿಲ್ಲ. ಫೋಲ್ಡರಿನ ವೇಷ ಹಾಕಿದ ವೈರಸ್. ನಿಜವಾದ ಫೋಲ್ಡರನ್ನು ಕಾಣದಂತೆ ಮಾಡಿ, ಅದೇ ಹೆಸರು ಹೊತ್ತು ತಾನು ಬಾಗಿಲಲ್ಲಿ ಕೂರುತ್ತದೆ. ನೀನು ಪ್ರತಿ ಮಾಡಿ ಕಳಿಸಿದ್ದು ಅದನ್ನೇ.

ಕ್ಲಾಸಿನ ಎಂಟು ಕಂಪ್ಯೂಟರಿಗೂ ಅದು ಹರಡಿತು. ಪೆನ್ ಡ್ರೈವ್ ಹಾಕಬೇಡಿ ಎಂದು ಗೋಡೆಗೆ ಚೀಟಿ ಅಂಟಿಸಿದವಳು ನಾನು, ಪರೀಕ್ಷಿಸದೆ ಹಾಕಿದವಳೂ ನಾನೇ! ಕ್ಲಾಸಿನ ಮಾಲೀಕರು ಮಕ್ಕಳೆದುರೇ ಬೈದರು. ಹನ್ನೆರಡು ದಿನ ಕ್ಲಾಸ್ ನಿಂತಿತು. ನಿನ್ನ ಮನಸ್ಸಿಗೆ ನೋವಾಗುತ್ತದೆಂದು ಬರೆಯಲಿಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನಾಚಿಕೆ. ನಾನು ಆಗಲೇ ಹೇಳಿದ್ದರೆ ನೀನು ಆ ಸಿ.ಡಿ. ಹಾಕಿ ಕಣ್ಣುಮುಚ್ಚಿ 'ಅಳಿಸು' ಎಂದು ಒತ್ತುತ್ತಿರಲಿಲ್ಲ.

ಇನ್ನೂ ಒಂದಿದೆ. 'ತಗಡು ಬಿಚ್ಚು, ಸುಲಭದ ಕೆಲಸ' ಎಂದು ಬರೆದೆನಲ್ಲ, ನಾನು ಒಂದು ದಿನವೂ ಬಿಚ್ಚಿದವಳಲ್ಲ. ಎಲ್ಲ ಪುಸ್ತಕದ ಜ್ಞಾನ. ನಿನ್ನ ರಬ್ಬರಿನ ಪತ್ರ ಓದಿದ ಮೇಲೆ ಮೊದಲ ಸಲ ಸ್ಕ್ರೂ ಡ್ರೈವರ್ ಹಿಡಿದೆ. ಈಗ ಎಂಟನ್ನೂ ಬಿಚ್ಚಿ ಒರೆಸಿದ್ದೇನೆ. ಎಣ್ಣೆ ಹಚ್ಚಿಲ್ಲ ಎಂದು ನಿನ್ನ ಅಪ್ಪನಿಗೆ ಹೇಳು. ದೋಣಿಯ ಹೋಲಿಕೆ ಕೊಟ್ಟವಳು ನಾನು, ತಪ್ಪು ಅವರದಲ್ಲ.

ಈಗ ಗಮನವಿಟ್ಟು ಕೇಳು. ಹನ್ನೆರಡು ದಿನದಲ್ಲಿ ಕಲಿತದ್ದು ಇದು: ಆಂಟಿವೈರಸ್ ಅಳಿಸಿದ್ದು ವೇಷವನ್ನು ಮಾತ್ರ. ನಿಜವಾದ ಫೋಲ್ಡರ್ ಎಲ್ಲಿಯೂ ಹೋಗಿಲ್ಲ, ಅಲ್ಲೇ ಅಡಗಿ ಕೂತಿದೆ. ಮಕ್ಕಳ ಪಾಠಗಳೆಲ್ಲ ನನಗೆ ಹಾಗೆಯೇ ಸಿಕ್ಕವು. ಸಿಕ್ಕೇ ಸಿಗುತ್ತದೆ ಎಂದು ಆಣೆ ಮಾಡಲಾರೆ, ಆದರೆ ನನ್ನ ಎಂಟು ಕಂಪ್ಯೂಟರುಗಳಲ್ಲೂ ಸಿಕ್ಕಿದೆ.

ಹೊಸದೇನನ್ನೂ ಅದರಲ್ಲಿ ತುಂಬಬೇಡ. ಸ್ಟಾರ್ಟ್ ಒತ್ತಿ, ರನ್‌ಗೆ ಹೋಗಿ ಕಪ್ಪು ಕಿಟಕಿ ತೆರೆ. ಬೇರೆ ಚೀಟಿಯಲ್ಲಿ ಒಂದು ಸಾಲು ಬರೆದಿದ್ದೇನೆ, ಅದನ್ನು ಹಾಗೆಯೇ ಹೊಡೆ. ಎಲ್ಲೆಲ್ಲಿ ಜಾಗ ಬಿಡಬೇಕೋ ಅಲ್ಲಿ ಕೆಂಪು ಚುಕ್ಕೆ ಇಟ್ಟಿದ್ದೇನೆ. ಎಂಟರ್ ಒತ್ತಿ, ಕರ್ಸರ್ ಮತ್ತೆ ಮಿನುಗುವವರೆಗೆ ಕಾದಿರು.

ಫೋನ್ ಮಾಡಿದರೂ ಆಗುತ್ತದೆ. ಈ ಸಲ ಕಟ್ ಮಾಡಬೇಡ.

ನಿನ್ನ,
ಮಂಗಲಾ

ಕಾಲೊನಿ
೨೮ ಜುಲೈ ೨೦೦೭

ಅಕ್ಕೋರೇ! ಅಕ್ಕೋರೇ!

ಸಿಕ್ಕಿತು! ಫೋನಿನಲ್ಲಿ ನಾನು ಬರೀ ಅತ್ತೆ, ಒಂದಕ್ಷರವೂ ಹೊರಡಲಿಲ್ಲ. ನೀವು ಅದನ್ನು ಕೆಟ್ಟ ಸುದ್ದಿ ಎಂದುಕೊಂಡು "ಹೋಗ್ಲಿ ಬಿಡು, ಅಳಬೇಡ" ಎಂದದ್ದು ಕೇಳಿಸಿತು. ಅಷ್ಟರಲ್ಲಿ ಅಣ್ಣನ ಮೊಬೈಲಿನ ದುಡ್ಡು ಮುಗಿದುಹೋಯಿತು. ಆದ್ದರಿಂದ ಓಡೋಡಿ ಬರೆಯುತ್ತಿದ್ದೇನೆ.

ಚೀಟಿಯನ್ನು ಅಣ್ಣ ಹಿಡಿದುಕೊಂಡ, ಅಪ್ಪ ಬೆರಳಿಟ್ಟು ಒಂದೊಂದೇ ಅಕ್ಷರ ತೋರಿಸಿದ, ಕೆಂಪು ಚುಕ್ಕೆ ಬಂದಾಗಲೆಲ್ಲ ಆಯಿ "ಚುಕ್ಕೆ!" ಎಂದು ಕೂಗಿದಳು. ಎಂಟರ್ ಒತ್ತಿದೆ. ಏನೂ ಆಗಲಿಲ್ಲ. ಕರ್ಸರ್ ಕೂಡ ಇಲ್ಲ. ನಾಲ್ಕು ನಿಮಿಷ ಎಲ್ಲರೂ ಪರದೆಯನ್ನೇ ನೋಡುತ್ತ ಕಾದೆವು. ಅದು ಮಿನುಗಿದ್ದೇ, ಹೋಗಿ ನೋಡಿದೆ. ಹಳದಿ ಫೋಲ್ಡರ್! ತೆರೆದೆ. ಬುಟ್ಟಿಕಲ್ಲಿನಿಂದ ಹಿಡಿದು ಇನ್ನೂರ ಹದಿನಾಲ್ಕೂ, ಒಂದೂ ಬಿಡದೆ. ಉಪ್ಪಿನ ಬಾವಿಯ ನಂತರ ಬರುವುದು ಸೊಂಟದೇರು, ಅಕ್ಕೋರೇ. ಸೊಂಟದೇರು!

ಅಣ್ಣ ಎದ್ದು ಹೋಗಿ, ಸಂಜೆ ಮೂರು ಖಾಲಿ ಸಿ.ಡಿ. ತಂದ. ಒಂದು ಮನೆಗೆ, ಒಂದು ನಿಮಗೆ. ಮೂರನೆಯದು ಯಾಕೆ ಎಂದರೆ, "ಇರ್ಲಿ, ನನ್ನ ಹೆಸ್ರಲ್ಲಿ ಒಂದು" ಎಂದ. ಎಲ್ಲವನ್ನೂ ಪರೀಕ್ಷಿಸಿದ್ದೇನೆ. ನೀವೂ ಪರೀಕ್ಷಿಸಿಯೇ ತೆರೆಯಿರಿ, ನನ್ನನ್ನು ನಂಬಬೇಡಿ!

ನೀತಾ

ಅಂಕೋಲಾ
೪ ಆಗಸ್ಟ್ ೨೦೦೭

ನೀತಾ,

ನಂಬದೆಯೇ ಪರೀಕ್ಷಿಸಿದೆ, ನಂಬಿ ಓದಿದೆ. ನಗೆಮಾವಿನ ಕೆಳಗೆ ಬಂದಾಗ ಒಬ್ಬಳೇ ಜೋರಾಗಿ ನಕ್ಕೆ, ಮಾಲೀಕರು ಇಣುಕಿ ನೋಡಿ ಹೋದರು. ಸಭೆಯಲ್ಲಿ ಪಟ್ಟಿ ಓದುವವರು ಯಾರು? ರಾಮನಾಥ ಮಾಸ್ತರ ಕೈಗೆ ಕೊಡುವ ಯೋಚನೆಯಿದ್ದರೆ ಬಿಟ್ಟುಬಿಡು. ಆ ದಾರಿಯಲ್ಲಿ ನಡೆದ ಕಾಲು ನಿನ್ನ ಮನೆಯದು.

ಮಂಗಲಾ

ಬುಟ್ಟಿಕಲ್ಲು ಕೇರಿ
ಕಾರವಾರ ತಾಲೂಕು
೨೯ ಆಗಸ್ಟ್ ೨೦೦೭

ಪ್ರೀತಿಯ ಅಕ್ಕೋರೇ,

ಮೇಲಿನ ವಿಳಾಸ ನೋಡಿದಿರಾ? ಪೋಸ್ಟ್‌ಮನ್ನಿಗೆ ಇನ್ನೂ ಗೊತ್ತಿಲ್ಲ. ನೀವು ಬರೆಯುವಾಗ ಸದ್ಯಕ್ಕೆ ಕಂಸದೊಳಗೆ ನಾಲ್ಕನೇ ಕ್ರಾಸ್ ಎಂದೂ ಹಾಕಿ.

ನಾನೇ ಓದಿದೆ. ಮೊದಲ ಹತ್ತು ಹೆಸರು ನನಗೇ ಕೇಳಿಸಲಿಲ್ಲ. "ದೊಡ್ಡಕ್ಕೆ ಹೇಳೇ ತಂಗಿ, ಇದೇನು ಗುಟ್ಟಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಸೊಂಟದೇರು ಎಂದಾಗ ಮುದುಕಿ ಮಾದೇವಿ ಎದ್ದು ನಿಂತು, "ಅಲ್ಲೇ ನನ್ನ ಬುಟ್ಟಿ ಉರುಳಿದ್ದು, ಇವಳ ಅಜ್ಜಿ ಹೆಕ್ಕಿ ಕೊಡೂದು ಬಿಟ್ಟು ನಗಾಡಿದ್ದು!" ಎಂದಳು. ಅಲ್ಲಿಂದ ಮುಂದೆ ನಾನು ಓದಲೇ ಇಲ್ಲ ಎನ್ನಬೇಕು. ನಾನು ಒಂದು ಹೆಸರು ಹೇಳುವುದು, ಹತ್ತು ಬಾಯಿ ಅದನ್ನು ಮುಂದಕ್ಕೆ ಕೊಂಡೊಯ್ಯುವುದು. ಗುಲಾಬಿ, ಮಲ್ಲಿಗೆಯ ಸುದ್ದಿ ಯಾರೂ ಎತ್ತಲಿಲ್ಲ. ಹನ್ನೊಂದು ಕ್ರಾಸಿಗೆ ಹನ್ನೊಂದು ಹೆಸರು ಆಯ್ದು, ಉಳಿದವು ಮುಂದೆ ಹುಟ್ಟುವ ಕೇರಿಗಳಿಗೆ ಇರಲಿ ಎಂದರು ಮಾಸ್ತರು.

ಅಜ್ಜಿ ಕೊನೆಯವರೆಗೂ ಕೂತು ಕೇಳಿದಳು. ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತ ಹೇಳಿದಳು: "ಒಂದು ಬಿಟ್ಟದೆ."

ಫೈಲಿನಲ್ಲಿ ಏನು ಅಳಿಸಿಹೋಯಿತೋ ಎಂದು ಕಂಪ್ಯೂಟರಿನ ಕಡೆಗೆ ಹೊರಟೆ.

"ಅದಕ್ಕೆ ಗೊತ್ತಿಲ್ಲ. ಅದಕ್ಕೂ ಹೇಳ್ಲಿಲ್ಲ ನಾನು" ಎಂದಳು. "ಉಳಿದವ್ರೆಲ್ಲ ಮುಂದೆ ಹೋಗ್ಲಿ ಅಂತ ಹಿಂದೆ ನಿಲ್ತಿದ್ದೆ. ಒಬ್ಳೇ ಕೂತ್ಕಳೂ ಜಾಗ. ಒಂದು ಮುಷ್ಟಿ ಅವಲಕ್ಕಿ ತಿಂದು, ಕಡಲು ನೋಡಿ, ಎದ್ದು ಹೋಗೂದು. ಮಾತು ಬ್ಯಾಡ ಅನ್ಸತಿತ್ತು ನಂಗೆ, ನಿನ್ನ ಹಾಂಗೆ. ಹೆಸ್ರು ನಾನೇ ಇಟ್ಟಿದ್ದೆ. ಸಭೆಗೆ ಹೇಳೂದಲ್ಲ ಅದು. ಆದ್ರೆ ಕಳೀಬಾರ್ದು."

ಅಜ್ಜಿ ಗೋಡೆಯ ಗೂಡಿನ ಕಡೆಗೆ ಕೈ ತೋರಿಸಿದಳು. ಅಲ್ಲಿ ನನ್ನ ಹಳೆಯ ನೋಟ್‌ಬುಕ್ ಇತ್ತು. ಮೊದಲ ಪುಟದಲ್ಲಿ ತಾರೀಕು ಮಾತ್ರ.

"ಪುಸ್ತಕ ತಕಾ" ಎಂದಳು ಅಜ್ಜಿ. "ಬರೀ."

ಬರೆದೆ. ಆ ಪುಟ ನನ್ನಲ್ಲಿದೆ. ಎರಡನೆಯ ಪ್ರತಿ ಮನೆಯ ಹೊರಗಿರಬೇಕು ಎಂದು ನೀವೇ ಹೇಳಿದ್ದಿರಿ, ಹಾಗಾಗಿ ನಿಮಗೊಂದು ಕಳಿಸಲೇ ಎಂದು ಅಜ್ಜಿಯನ್ನು ಕೇಳಿದೆ. "ಆ ಬಾಯಿಗಾ? ಕೊಡು. ಓದೂದಿಲ್ಲ ಅಂದ್ರೆ ಕೊಡು" ಎಂದಳು.

ಈ ಲಕೋಟೆಯೊಳಗೆ ಇನ್ನೊಂದು ಸಣ್ಣ ಲಕೋಟೆಯಿದೆ. ಅದನ್ನು ಪರೀಕ್ಷಿಸುವುದು ಬೇಡ, ತೆರೆಯುವುದೂ ಬೇಡ. ನನ್ನ ಪರೀಕ್ಷೆಯ ಹಾಳೆಯ ಜೊತೆ ಇಟ್ಟುಕೊಳ್ಳಿ.

ನೀತಾ